ಬೈಲುಗದ್ದೆಯ ಗುಳ್ಳೆಗಳು

ಆಟಿ ತಿಂಗಳ ಕೊನೆಯ ಭಾನುವಾರ ಬ್ರಹ್ಮಾವರದ ಸಮೀಪ, ಸೀತಾನದಿಯಿಂದ ತುಸು ಒಳಗಿರುವ ಮಾವನ ಬೈಲುಗದ್ದೆಯ ಹುಣಿಯ ಮೇಲೆ ನಾನು ಶರಬತ್ತಿನ ಖಾಲಿ ಗಾಜಿನ ಬಾಟಲಿ, ಒಂದು ಆಲಿಕೆ ಮತ್ತು ಬೆಂಕಿಪೊಟ್ಟಣ ಹಿಡಿದು ನಿಂತಿದ್ದೆ. ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಕಲಿಸುವ ನಾನು ಸಾರಜನಕ ಚಕ್ರದ ಚಿತ್ರವನ್ನು ಹದಿನಾಲ್ಕು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತ ಬಂದಿದ್ದರೂ, ಆ ಬಾಣಗಳೆಲ್ಲ ಓಡಾಡುವ ಕೆಸರಿಗೆ ಅದನ್ನೇ ನೋಡಲೆಂದು ಇಳಿದದ್ದು ಅದೇ ಮೊದಲು. "ಎಂತ ಮಾರಾಯ್ತಿ, ಕೆಸರಿನ ಗಾಳಿ ತುಂಬಿಸ್ಲಿಕ್ಕೆ ಉಡುಪಿಯಿಂದ ಬಂದದ್ದಾ?" ಎಂದು ಮಾವ ನಕ್ಕರು.

1776ರ ನವೆಂಬರ್‌ನಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಮಜೋರೆ ಸರೋವರದ ಅಂಚಿನ ಕೆಸರನ್ನು ಕಲಕಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದು ಉರಿಸಿ ನೋಡಿದ್ದ. ನಾನು ಮಾಡಹೊರಟದ್ದೂ ಅಷ್ಟೇ. ನೀರು ತುಂಬಿದ ಬಾಟಲಿಯನ್ನು ಗದ್ದೆಯ ನೀರಿನಲ್ಲಿ ತಲೆಕೆಳಗಾಗಿ ಹಿಡಿದು, ಬಾಯಿಗೆ ಆಲಿಕೆ ಸಿಕ್ಕಿಸಿ, ಎಂ.ಓ. 4 ಎಂಬ ಭತ್ತದ ತಳಿಯ ಪೈರಿನ ಸಾಲುಗಳ ನಡುವೆ ಕಾಲಿನಿಂದ ಕೆಸರನ್ನು ತುಳಿದಾಗ ಗುಳ್ಳೆಗಳು ಬುಳುಬುಳನೆ ಎದ್ದವು. ಕಾಲು ಗಂಟೆಯಲ್ಲಿ ಅರ್ಧ ಬಾಟಲಿ ತುಂಬಿತು. ಮೊದಲ ಮೂರು ಕಡ್ಡಿಗಳನ್ನು ಮಳೆ ನಂದಿಸಿತು; ನಾಲ್ಕನೆಯದಕ್ಕೆ ಮಾವ ಕೊಡೆಯನ್ನು ಅಡ್ಡ ಹಿಡಿದಾಗ, ಕಪ್ಪು ಬಟ್ಟೆಯ ಹಿನ್ನೆಲೆಯಲ್ಲಿ ನಸುನೀಲಿ ಜ್ವಾಲೆಯೊಂದು ಬಾಟಲಿಯ ಬಾಯಿಯಲ್ಲಿ ಕ್ಷಣಕಾಲ ಆಡಿ ಆರಿತು. ಮಾವನ ನಗೆ ನಿಂತದ್ದು ಆಗ.

ಹಾಗೆ ಉರಿದ ಅನಿಲ ಮೀಥೇನ್. ಅದನ್ನು ಮಾಡುವವು ಬ್ಯಾಕ್ಟೀರಿಯಾಗಳಲ್ಲ, ಆರ್ಕಿಯಾ ಎಂಬ ಬೇರೆಯೇ ಕುಲದ ಸೂಕ್ಷ್ಮಜೀವಿಗಳು. ನೀರು ನಿಂತ ಮಣ್ಣಿನಲ್ಲಿ ಇವು ಕೊನೆಯ ಪಂಕ್ತಿಯ ಊಟಗಾರರು. ಸೊಪ್ಪು, ಹಟ್ಟಿಗೊಬ್ಬರ, ಸತ್ತ ಬೇರುಗಳನ್ನು ಕೊಳೆಸುವ ಜೀವಿಗಳು ಮೊದಲು ಆಮ್ಲಜನಕವನ್ನು ಮುಗಿಸುತ್ತವೆ. ಬಳಿಕ ಅದರ ಬದಲಿಗೆ ಬಳಕೆಯಾಗುವ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್ ಒಂದೊಂದಾಗಿ ತೀರುತ್ತವೆ. ಇವೆಲ್ಲ ಬರಿದಾದಲ್ಲಿ ಮಾತ್ರ ಮೀಥೇನ್ ಹುಟ್ಟಿಸುವವರ ಎಲೆಗೆ ಬಡಿಸಿದಂತಾಗುತ್ತದೆ. ಹುಟ್ಟಿದ ಮೀಥೇನಿನ ಬಹುಪಾಲು ಗುಳ್ಳೆಯಾಗಿ ಏಳುವುದಿಲ್ಲ, ಬಲಿತ ಭತ್ತದ ಗಿಡದೊಳಗಿನ ಗಾಳಿಯ ಕೊಳವೆಗಳ ಮೂಲಕವೇ ಆಕಾಶ ಸೇರುತ್ತದೆ.

ಮೇಲಿನ ಮಜಲುಗದ್ದೆಯ ನೀರು ಒಸರುವ ಮೂಲೆಯಲ್ಲಿ ಕಾಮನಬಿಲ್ಲಿನ ಬಣ್ಣದ ಪೊರೆ ತೇಲುತ್ತಿತ್ತು. ಟಿಲ್ಲರ್‌ನಿಂದ ಡೀಸೆಲ್ ಸೋರಿದೆಯೆಂದು ಮಾವ ಅದನ್ನು ಓಡಿಸಿದವನಿಗೆ ಬೈದಿದ್ದರಂತೆ. ಕಡ್ಡಿಯಿಂದ ಮುಟ್ಟಿದಾಗ ಪೊರೆಯು ಹಪ್ಪಳದಂತೆ ಚೂರುಚೂರಾಯಿತು; ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಅದು ಮುರಕಲ್ಲಿನ ನೆಲದಿಂದ ಕರಗಿ ಬಂದು, ಗಾಳಿ ತಾಗಿದೊಡನೆ ಮತ್ತೆ ತುಕ್ಕಾಗುತ್ತಿದ್ದ ಕಬ್ಬಿಣ. "ಹಾಗಾದ್ರೆ ಅವನಿಗೆ ಸುಮ್ಮನೆ ಬೈದೆ" ಎಂದ ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅವರಿಗೆ ನಿಜವಾಗಿ ಬೇಕಿದ್ದುದು ಯೂರಿಯಾದ ಲೆಕ್ಕ. ಕೈತುಂಬ ಎರಚಿದರೂ ಪೈರು ಹಸುರಾಗುವುದು ನಾಲ್ಕು ದಿನ, ಉಳಿದದ್ದು ಎಲ್ಲಿ ಹೋಗುತ್ತದೆ ಎಂದು ಕೇಳಿದರು. ಉತ್ತರಕ್ಕಾಗಿ ನಾನು ಅಂಗೈಯಗಲದ ಕೆಸರನ್ನು ಕತ್ತರಿಸಿ ತೋರಿಸಿದೆ: ಮೇಲೆ ಕೆಲವೇ ಮಿಲಿಮೀಟರಿನ ಕಂದು ಪದರ, ಕೆಳಗೆಲ್ಲ ಕಪ್ಪು ಬೂದಿಬಣ್ಣ. ಎರಚಿದ ಯೂರಿಯಾ ಅಮೋನಿಯಂ ಆಗಿ, ಒಂದು ಪಾಲು ನೀರಿನ ಮೇಲಿನಿಂದಲೇ ಅಮೋನಿಯಾ ಆಗಿ ಹಾರುತ್ತದೆ. ಇನ್ನೊಂದು ಪಾಲನ್ನು ಕಂದು ಪದರದ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ, ಅದು ಕಪ್ಪು ಪದರಕ್ಕಿಳಿದಾಗ ಅಲ್ಲಿಯ ಬೇರೆ ಜೀವಿಗಳು ಅದನ್ನೇ ಉಸಿರಾಡಿ ಸಾರಜನಕ ಅನಿಲವಾಗಿ ಗಾಳಿಗೆ ಮರಳಿಸುತ್ತವೆ. ಮೀಥೇನನ್ನು ತಿಂದು ತಡೆಯುವ ಬ್ಯಾಕ್ಟೀರಿಯಾಗಳ ವಾಸವೂ ಆ ಕಂದು ಪದರದಲ್ಲಿ ಮತ್ತು ಬೇರಿನ ಸುತ್ತಲೇ. ಅಮೋನಿಯಾದ ಅಣು ಮೀಥೇನಿನಂತೆಯೇ ಪುಟ್ಟದಾದ್ದರಿಂದ ಅವುಗಳ ಕಿಣ್ವ ಮೋಸಹೋಗಿ ಅದನ್ನೂ ಹಿಡಿಯುತ್ತದೆ. ಆದರೆ ಬೆಳೆಯಲು ಅವಕ್ಕೂ ಸಾರಜನಕ ಬೇಕು, ಹಾಗಾಗಿ ಗೊಬ್ಬರ ಅವಕ್ಕೆ ಶತ್ರುವೂ ಹೌದು, ಅನ್ನವೂ ಹೌದು. ನೆದರ್ಲೆಂಡ್ಸಿನ ಕಾಲುವೆಯ ಕೆಸರಿನಲ್ಲಿ ಸಿಕ್ಕಿದ, 2010ರಲ್ಲಿ ಮೀಥೈಲೋಮಿರಾಬಿಲಿಸ್ ಎಂಬ ಹೆಸರು ಪಡೆದ ಬ್ಯಾಕ್ಟೀರಿಯಾವಂತೂ ನೈಟ್ರೈಟಿನಿಂದ ತನಗೆ ಬೇಕಾದ ಆಮ್ಲಜನಕವನ್ನು ತಾನೇ ತಯಾರಿಸಿಕೊಂಡು ಮೀಥೇನನ್ನು ಉಣ್ಣುತ್ತದೆ. ನನ್ನ ಕಪ್ಪುಹಲಗೆಯಲ್ಲಿ ಸಾರಜನಕಕ್ಕೊಂದು, ಇಂಗಾಲಕ್ಕೊಂದು ಎಂದು ಎರಡು ಚಕ್ರಗಳನ್ನು ದೂರದೂರ ಬರೆಯುತ್ತಿದ್ದುದು ಎಷ್ಟು ತಪ್ಪೆಂದು ಅಲ್ಲಿ ನಿಂತಾಗ ಹೊಳೆಯಿತು.

ಮಧ್ಯಾಹ್ನ ನದಿಯ ಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಅದೇ ಪ್ರಯೋಗ ಮಾಡಿದೆ. ಕೊಳೆತ ಮೊಟ್ಟೆಯ ವಾಸನೆ ಬಂತೇ ಹೊರತು ಬಾಟಲಿಯಲ್ಲಿ ಎರಡು ಬೆರಳಿನಷ್ಟೂ ಅನಿಲ ಸೇರಲಿಲ್ಲ, ಕಡ್ಡಿಗೂ ಉರಿಯಲಿಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಮಳೆಗಾಲದಲ್ಲಿ ನದಿ ಸಿಹಿಯಾದರೂ ಬೇಸಿಗೆಯ ಉಪ್ಪು ಆ ಕೆಸರಿನೊಳಗೆ ಉಳಿದಿರಬೇಕು, ಕೊನೆಯ ಪಂಕ್ತಿಯ ಸರದಿ ಅಲ್ಲಿಗೆ ಬರಲಿಲ್ಲ.

ಗದ್ದೆಯನ್ನು ಆಗಾಗ ಒಣಗಿಸಿದರೆ ಭೂಮಿಯನ್ನು ಬಿಸಿಮಾಡುವ ಮೀಥೇನ್ ಕಡಿಮೆಯಾಗುತ್ತದೆ ಎಂಬ ಸಲಹೆ ಸರಿಯೇ, ಆದರೆ ಒಣಗಿ ನೆನೆಯುವ ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಹೆಚ್ಚಾಗಿ ಏಳುತ್ತದೆ, ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ, ಅದು ಭೂಮಿಯನ್ನು ಬಿಸಿಮಾಡುವುದು ಇಂಗಾಲದ ಡೈಆಕ್ಸೈಡಿನ 273 ಪಟ್ಟು. ಅದಿರಲಿ, ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವಲ್ಲಿ, ಆಟಿಯಲ್ಲಿ ಬೈಲನ್ನು ಒಣಗಿಸುವುದೆಂದರೇನು? ಕಂಡಿ ತೆರೆದರೂ ಕೆಳಗಿನ ಗದ್ದೆಯೂ ತುಂಬಿಯೇ ಇರುತ್ತದೆ. ಯೂರಿಯಾವನ್ನು ಎರಚದೆ ಕಪ್ಪು ಪದರದೊಳಗೆ ಹುಗಿದರೆ ಅಮೋನಿಯಂ ಅಲ್ಲೇ ಬೇರಿಗೆ ಸಿಗುತ್ತದೆ ಎಂದೆ. "ಅಪ್ಪಯ್ಯ ಕೆಸರುಂಡೆ ಕಟ್ಟಿ ಹುಗೀತಿದ್ರು, ನಾವೇ ಬಿಟ್ಟದ್ದು" ಎಂದರು ಮಾವ.

ಸಂಜೆ ಜಗಲಿಯಲ್ಲಿ ಕುಳಿತು ನಾವಿಬ್ಬರೂ ಮಣ್ಣಿನೊಳಗೆ ಯೂರಿಯಾ ಇಟ್ಟು, ಒಂದು ಸಾಲಿಗೆ ಸಾಕಾಗುವಷ್ಟು, ನಲವತ್ತು ಉಂಡೆಗಳನ್ನು ಕಟ್ಟಿದೆವು. ಚಹಾ ತಂದ ಅತ್ತೆ ಗೆರಸೆಯಲ್ಲಿ ಸಾಲಾಗಿದ್ದ ಉಂಡೆಗಳನ್ನು ನೋಡಿ, ಆ ಗೆರಸೆಯನ್ನು ಇನ್ನು ಅಡುಗೆಮನೆಗೆ ತರಬಾರದೆಂದು ಹೇಳಿ ಒಳಗೆ ಹೋದರು.