ಹಾರ್ಟ್ ಆಪರೇಷನ್‌ಗೂ ಮೀನಿಗೂ ಏನು ಸಂಬಂಧ?

"ಮೀನು ತಿಂದರೆ ಮೈ ತುರಿಸುತ್ತಾ?" ಅಂತ ಅನಸ್ತೇಶಿಯಾ ಡಾಕ್ಟರ್ ಕೇಳಿದರು. ಮಾವ ಕೂತಲ್ಲೇ, "ಡಾಕ್ಟ್ರೇ, ಆಪರೇಷನ್ ಹಾರ್ಟ್‌ಗೆ, ಹೊಟ್ಟೆಗಲ್ಲ" ಅಂದರು. ನಾವೆಲ್ಲ ನಕ್ಕೆವು. ಆಕೆ ನಗಲಿಲ್ಲ. "ಇನ್ಸುಲಿನ್ ಯಾವುದು? ನೀರಿನ ಹಾಗೆ ತಿಳಿಯಾಗಿರೋದಾ, ಬೆಳ್ಳಗೆ ಮಬ್ಬಾಗಿರೋದಾ?" ಮಬ್ಬಾಗಿರೋದು, ಬಹಳ ವರ್ಷದಿಂದ ಅಂತ ಮಾವ ಹೇಳಿದ ಕೂಡಲೇ ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು.

ಈ ವಾರವೆಲ್ಲ ನನ್ನ ತಲೆಯಲ್ಲಿ ಅದೇ ಎರಡು ಗೆರೆ. ಭಾವ "ಸುಮ್ನೆ ಫಾರಂ ತುಂಬೋಕೆ ಕೇಳ್ತಾರೆ" ಅಂದರು. ಅವರಿಗೆ ಗೊತ್ತಿಲ್ಲದ ವಿಷಯ ಅಂತ ಒಂದಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಹೊರಗೆ ಬಂದ ಆಕೆ ಹೇಳಿದ್ದು ಇಷ್ಟೇ: "ಕೊನೆಗೆ ಪ್ರೋಟಮೈನ್ ಕೊಡುವಾಗ ಬಿಪಿ ಸ್ವಲ್ಪ ಕುಸಿಯಿತು. ಹಿಸ್ಟಮಿನ್ ಇರಬೇಕು. ನಿಲ್ಲಿಸಿ, ಆಮೇಲೆ ಇನ್ನೂ ನಿಧಾನವಾಗಿ ಕೊಟ್ವಿ."

ಮೀನು ಎಲ್ಲಿಂದ ಬಂತು ಅಂತ ಆಗ ಗೊತ್ತಾಯಿತು. ಹೃದಯ ನಿಲ್ಲಿಸಿ, ರಕ್ತವನ್ನು ಮೆಷೀನಿನಲ್ಲಿ ಹರಿಸಬೇಕಾದರೆ ಅದು ಹೆಪ್ಪುಗಟ್ಟಬಾರದು, ಅದಕ್ಕೆ ಹೆಪಾರಿನ್ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಅದರ ಪ್ರಭಾವ ಇಳಿಸಲು ಪ್ರೋಟಮೈನ್. ಇದನ್ನು ತೆಗೆದದ್ದು ಸಾಲ್ಮನ್ ಜಾತಿಯ ಮೀನಿನ ವೀರ್ಯದಿಂದ. ಆ ಮಬ್ಬು ಇನ್ಸುಲಿನ್‌ನಲ್ಲೂ ಇದೇ ಪ್ರೋಟಮೈನ್ ಇರುತ್ತದೆ, ಔಷಧಿ ನಿಧಾನವಾಗಿ ಕೆಲಸ ಮಾಡಲಿ ಅಂತ. ವರ್ಷಗಟ್ಟಲೆ ಚುಚ್ಚಿಸಿಕೊಂಡ ಮೈ ಅದರ ಗುರುತು ಇಟ್ಟುಕೊಂಡು, ಮತ್ತೆ ಕೊಟ್ಟಾಗ ಅಲರ್ಜಿ ತೋರಿಸಬಹುದು. ಎಲ್ಲರಿಗೂ ಹಾಗಾಗುತ್ತದೆ ಅಂತಲ್ಲ, ಆದರೆ ಕೇಳದೆ ಇರುವ ಹಾಗೂ ಇಲ್ಲ.

ಗುರುತೇ ಇಲ್ಲದಿದ್ದರೂ, ಅವಸರದಲ್ಲಿ ಕೊಟ್ಟರೆ ಮೈಯಲ್ಲಿ ಅಲರ್ಜಿ ಎಬ್ಬಿಸುವ ಮಾಸ್ಟ್ ಕೋಶಗಳು ತಮ್ಮಲ್ಲಿರುವ ಹಿಸ್ಟಮಿನ್ ಚೆಲ್ಲಿಬಿಡಬಹುದು. ರಕ್ತನಾಳಗಳು ಸಡಿಲವಾಗುತ್ತವೆ, ಬಿಪಿ ಬೀಳುತ್ತದೆ. ಅದಕ್ಕೇ ಹತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ತೆಗೆದುಕೊಂಡು ಕೊಡುತ್ತಾರಂತೆ. ನೋವಿಗೆ ಕೊಡುವ ಮಾರ್ಫಿನ್, ಆ್ಯಂಟಿಬಯಾಟಿಕ್ ಆದ ವ್ಯಾಂಕೊಮೈಸಿನ್ ಕೂಡ ಹೀಗೆ ಹಿಸ್ಟಮಿನ್ ಚೆಲ್ಲಿಸುವ ಗುಂಪಿಗೆ ಸೇರಿದವು. ಮೆಷೀನಿನ ಪ್ಲಾಸ್ಟಿಕ್ ಕೊಳವೆಗಳಲ್ಲಿ ರಕ್ತ ಓಡುವುದೇ ಈ ಕೋಶಗಳನ್ನು ಕೆಣಕಲು ಸಾಕಂತೆ.

ನನ್ನನ್ನು ಜಾಸ್ತಿ ಅಲ್ಲಾಡಿಸಿದ್ದು ಬೇರೆ ವಿಷಯ. ಹಿಸ್ಟಮಿನ್ ಅಂದರೆ ಸೀನು, ತುರಿಕೆ, ಮೂಗು ಸೋರುವುದು ಅಂತ ತಿಳಿದವನು ನಾನು. ಮಾಸ್ಟ್ ಕೋಶಗಳು ಹೃದಯದ ಒಳಗೇ ಇವೆ! ರಕ್ತನಾಳಗಳ ಪಕ್ಕದಲ್ಲೇ ಕೂತಿರುತ್ತವೆ. ಅಲ್ಲಿ ಹಿಸ್ಟಮಿನ್ ಒಂದು ಬಗೆಯ ಗ್ರಾಹಕಕ್ಕೆ (ರಿಸೆಪ್ಟರ್, ಅಂದರೆ ಕೋಶದ ಮೇಲೆ ಸಂಕೇತ ಹಿಡಿಯುವ ಜಾಗ) ಹೋಗಿ ಅಂಟಿದರೆ ಬಡಿತ ಜೋರಾಗುತ್ತದೆ, ಇನ್ನೊಂದಕ್ಕೆ ಅಂಟಿದರೆ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗುವ ಸಂಕೇತ ನಿಧಾನವಾಗುತ್ತದೆ, ಹೃದಯಕ್ಕೆ ರಕ್ತ ಕೊಡುವ ನಾಳಗಳೂ ಬಿಗಿಯಬಹುದು. ಒಂದೇ ವಸ್ತು, ಓಡು ಅಂತಲೂ ಹೇಳುತ್ತದೆ, ನಿಲ್ಲು ಅಂತಲೂ ಹೇಳುತ್ತದೆ. "ಮೊದಲೇ ಒಂದು ಸೆಟಿರಿಜಿನ್ ನುಂಗಿಸಿದ್ರೆ ಮುಗೀತಿತ್ತಲ್ಲ" ಅಂದರು ಭಾವ. ಆ ಅಲರ್ಜಿ ಮಾತ್ರೆ ತಡೆಯುವುದು ಆ ಎರಡು ಗ್ರಾಹಕಗಳಲ್ಲಿ ಒಂದನ್ನು ಮಾತ್ರ. ಹೇಳಿ ಏನು ಪ್ರಯೋಜನ?

ಇನ್ನೂ ವಿಚಿತ್ರ ಏನು ಗೊತ್ತಾ? ಮಾಸ್ಟ್ ಕೋಶದೊಳಗಿನ ಕಾಳಿನಂಥ ಪುಟ್ಟ ಚೀಲಗಳಲ್ಲಿ ಹಿಸ್ಟಮಿನ್ ಜೊತೆಗೆ ಇರುವುದು ಹೆಪಾರಿನ್ನೇ. ನಾವು ಬಾಟಲಿಯಿಂದ ಕೊಡುವುದೂ, ಬರದಿರಲಿ ಅಂತ ಹೆದರುವುದೂ ಮೈಯೊಳಗೆ ಒಂದೇ ಚೀಲದಲ್ಲಿವೆ.

ನೋಡಲು ಬಂದವರೆಲ್ಲ ಸರ್ಜನ್ ಕೈಗುಣ ಹೊಗಳುತ್ತಿದ್ದಾರೆ. ಹೊಗಳಲಿ, ಅವರು ದೊಡ್ಡವರೇ. ಆದರೆ ಎಲ್ಲರೂ ಮುಗಿಯಿತು ಅಂತ ಉಸಿರು ಬಿಡುವ ಹೊತ್ತಿಗೆ ಒಬ್ಬರು ಮಾನಿಟರ್ ನೋಡುತ್ತಾ ಹನಿ ಹನಿಯಾಗಿ ಔಷಧಿ ಬಿಡುತ್ತಿದ್ದರಲ್ಲ, ಅವರ ಹೆಸರನ್ನು ನಮ್ಮ ಮನೆಯಲ್ಲಿ ಒಬ್ಬರೂ ಕೇಳಿಲ್ಲ. ನಾನು ಹೋಗಿ ಕೇಳಿದೆ. ಪ್ರೋಟಮೈನ್‌ಗೆ ಬಿಪಿ ಇಳಿದದ್ದನ್ನು ಡಿಸ್ಚಾರ್ಜ್ ಪತ್ರದಲ್ಲಿ ಬರೆದುಕೊಡಿ, ಮುಂದೆ ಯಾರಾದರೂ ಮತ್ತೆ ಕೊಡುವುದಾದರೆ ಗೊತ್ತಿರಲಿ ಅಂತಲೂ ಕೇಳಿಕೊಂಡೆ. "ಆಗಲೇ ಬರೆದಿದ್ದೀನಿ" ಅಂದರು.