ರೈಲು ಡಬ್ಬಿಯ ಮಾದರಿ ಇಷ್ಟು ದೊಡ್ಡದೇಕೆ?

ಮನೆಗೆ ಬಂದವರು ನನ್ನ ಕೆಲಸದ ಮೇಜಿನತ್ತ ನೋಡಿ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಅಂಗೈಯಲ್ಲಿ ಹಿಡಿಯುವಂಥ ರೈಲು ಮಾದರಿಗಳು ಅಂಗಡಿಯಲ್ಲೇ ಸಿಗುವಾಗ, ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಚಾಚುವ ಡಬ್ಬಿಯನ್ನು ಕೈಯಿಂದಲೇ ಏಕೆ ಕಟ್ಟುತ್ತೀರಿ?

ಮೊದಲ ಕಾರಣ ಹಳಿಯದು. ನಾನು ಕಟ್ಟುತ್ತಿರುವುದು ಮೀಟರ್‌ಗೇಜ್ ಡಬ್ಬಿ. ಬೆಂಗಳೂರು–ಮೈಸೂರು ನಡುವೆಯೂ, 1979ರಲ್ಲಿ ತೆರೆದ ಹಾಸನ–ಮಂಗಳೂರು ಘಟ್ಟದ ಮಾರ್ಗದಲ್ಲಿಯೂ ಒಂದು ಕಾಲಕ್ಕೆ ಓಡುತ್ತಿದ್ದಂಥದ್ದು. ಅಲ್ಲಿ ಎರಡು ಹಳಿಗಳ ನಡುವಿನ ಅಂತರ 1000 ಮಿ.ಮೀ. ನನ್ನ ಮಾದರಿಯ ಅಳತೆ 1:22.5, ಅಂದರೆ ನಿಜವಾದ ಡಬ್ಬಿಯ 22.5ರಲ್ಲಿ ಒಂದು ಪಾಲು. 1000ವನ್ನು 22.5ರಿಂದ ಭಾಗಿಸಿದರೆ 44.4 ಮಿ.ಮೀ. ಬರುತ್ತದೆ. ಜರ್ಮನಿಯ ಮಾದರಿ ರೈಲುಗಳ ಬ್ರ್ಯಾಂಡ್ ಎಲ್‌ಜಿಬಿ 1968ರಿಂದ ಮಾರುಕಟ್ಟೆಗೆ ತಂದ, ಮನೆಯಂಗಳದಲ್ಲೂ ಹಾಸಬಹುದಾದ ಹಳಿಯ ಅಗಲ 45 ಮಿ.ಮೀ. ನಮ್ಮ ಮೀಟರ್‌ಗೇಜಿಗೆ ಇಷ್ಟು ಸರಿಯಾಗಿ ಹೊಂದುವ ಸಿದ್ಧ ಹಳಿ ಇರುವಾಗ ಬೇರೆ ಅಳತೆಯ ಯೋಚನೆ ನನಗೆ ಬರಲಿಲ್ಲ. ಆದರೆ ಆ ಹಳಿಯ ಮೇಲೆ ಇಡಲು ನಮ್ಮ ಡಬ್ಬಿ ಮಾತ್ರ ನಾನು ಹುಡುಕಿದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಹೀಗಾಗಿ 19.5 ಮೀಟರ್ ಉದ್ದದ ಡಬ್ಬಿ ನನ್ನ ಮೇಜಿನ ಮೇಲೆ 867 ಮಿ.ಮೀ. ಆಗಿ ಕುಳಿತಿದೆ.

ಈ ಉದ್ದಕ್ಕೆ ತಿರುವುಗಳಲ್ಲಿ ಬೆಲೆ ತೆರಬೇಕಾಗುತ್ತದೆ. ನಾವೆಲ್ಲ ಇಡೀ ಡಬ್ಬಿಯನ್ನೇ ಬೋಗಿ ಎನ್ನುತ್ತೇವೆ. ನಿಜವಾಗಿ ಬೋಗಿ ಎಂದರೆ ಡಬ್ಬಿಯ ಎರಡು ತುದಿಗಳ ಅಡಿಯಲ್ಲಿರುವ, ನಾಲ್ಕು ಗಾಲಿಗಳ ಚೌಕಟ್ಟು. ನನ್ನ ಮಾದರಿಯಲ್ಲಿ ಎರಡು ಬೋಗಿಗಳ ನಡುವೆ 600 ಮಿ.ಮೀ. ಅಂತರವಿರುವುದರಿಂದ, 600 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಡಬ್ಬಿಯ ನಡುಭಾಗ ಹಳಿಯಿಂದ 80 ಮಿ.ಮೀ. ಒಳಕ್ಕೆ ಸರಿಯುತ್ತದೆ, ತ್ರಿಜ್ಯವನ್ನು 1500ಕ್ಕೆ ಏರಿಸಿದರೆ 30 ಮಿ.ಮೀ. ಸಾಕು.

ಎರಡನೆಯ ಕಾರಣ, ನನ್ನ ಮಟ್ಟಿಗೆ ಮುಖ್ಯವಾದದ್ದು, ಕಿಟಕಿಯ ಶಟರ್. ಮಳೆ ಬಂದಾಗ ಎರಡು ಬದಿಯ ಗುಂಡಿ ಒತ್ತಿ ಕೆಳಗಿಳಿಸುತ್ತಿದ್ದ, ಇಳಿಸಿದ ಮೇಲೂ ಓರೆ ಪಟ್ಟಿಗಳ ಸಂದಿಯಿಂದ ಗಾಳಿ ಬಿಡುತ್ತಿದ್ದ ಆ ಶಟರ್ ಇಲ್ಲದಿದ್ದರೆ ಅದು ನಮ್ಮ ಡಬ್ಬಿಯೇ ಅಲ್ಲ. ನಾನು ಗೋಡೆಯನ್ನು ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆಯ ಮೂರು ಪದರಗಳಲ್ಲಿ ಕಟ್ಟುತ್ತೇನೆ. ಹೊರಪದರ, ಒಳಪದರ 1 ಮಿ.ಮೀ. ದಪ್ಪ, ನಡುವಿನ 1.5 ಮಿ.ಮೀ. ಪದರದಲ್ಲಿ ಬಿಟ್ಟ ಜಾಗವೇ ಶಟರ್ ಜಾರುವ ತೋಡು. 1.2 ಮಿ.ಮೀ. ಅಗಲದ ಇಪ್ಪತ್ತು ಪಟ್ಟಿಗಳನ್ನು ಓರೆಯಾಗಿ ಕೂರಿಸಿದರೆ ಒಂದು ಶಟರ್ ಆಗುತ್ತದೆ, ಉಗುರಿನಿಂದ ಎತ್ತಿದರೆ ಮೇಲೇಳುತ್ತದೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ 1:87ರ ಮಾದರಿಯಲ್ಲಿ ಅದೇ ಪಟ್ಟಿ 0.3 ಮಿ.ಮೀ.ಗೆ ಇಳಿಯುತ್ತದೆ, ಅಲ್ಲಿ ಅದನ್ನು ಗೀರಿ ತೋರಿಸಬಹುದೇ ಹೊರತು ಎತ್ತಿ ಇಳಿಸುವಂತೆ ಮಾಡುವುದು ನನ್ನ ಕೈಯಿಂದಾಗದು.

ಆದರೆ ಮೂರು ಪದರದ ಗೋಡೆ ನನಗೆ ದೊಡ್ಡ ಪೆಟ್ಟನ್ನೂ ಕೊಟ್ಟಿದೆ. ಸ್ಟೈರೀನಿಗೆ ಹಚ್ಚುವುದು ಎರಡು ಮೈಗಳನ್ನು ಕರಗಿಸಿ ಬೆಸೆಯುವ ದ್ರಾವಕ. ಅದು ಆರಿಹೋಗಲು ದಾರಿಯಿಲ್ಲದೆ ಪದರಗಳ ನಡುವೆ ಸಿಕ್ಕಿಕೊಂಡರೆ ಒಳಗೊಳಗೇ ಮೆತ್ತಗಾಗಿಸುತ್ತ ಹೋಗುತ್ತದೆ. ನನ್ನ ಮೊದಲ ಗೋಡೆ ಎರಡು ತಿಂಗಳ ನಂತರ ಬಿಲ್ಲಿನಂತೆ ಬಾಗಿತು, ಹದಿನಾರು ಶಟರ್‌ಗಳೂ ಬಿಗಿದುಕೊಂಡವು. ಅದನ್ನು ಎಸೆಯಲು ಮನಸ್ಸಾಗದೆ ಇನ್ನೂ ಗೋಡೆಗೆ ಒರಗಿಸಿಟ್ಟಿದ್ದೇನೆ. ಈಗ ಒಳಪದರದ ತುಂಬ ಸಣ್ಣ ರಂಧ್ರಗಳನ್ನು ಕೊರೆದು, ದ್ರಾವಕವನ್ನು ಅಂಚುಗಳಿಗಷ್ಟೇ ಹಚ್ಚಿ, ಗಾಜಿನ ಹಲಗೆಯ ಮೇಲೆ ತೂಕ ಹೇರಿ ಒಂದು ತಿಂಗಳು ಬಿಡುತ್ತೇನೆ. ಆಮೇಲೆ ಪ್ರತಿಯೊಂದು ಶಟರನ್ನೂ ಎತ್ತಿ ಇಳಿಸಿ ನೋಡಿಯೇ ಆ ಹಳೆಯ ರೈಲುಗಳ ಕಡುಗೆಂಪು ಬಣ್ಣ ಬಳಿಯಲು ತೊಡಗುವುದು.