ಎರಡು ಡೈರಿ

42ರಲ್ಲಿ 17 ಕಳೆದರೆ 35. ನಾಲ್ಕನೇ ಕ್ಲಾಸಿನ ಆ ಹುಡುಗನ ಲೆಕ್ಕ ಯಾವಾಗಲೂ ಹೀಗೇ. ಮೇಲಿರಲಿ, ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದುಬಿಡುತ್ತಿದ್ದ. ಪಕ್ಕದಿಂದ ಹತ್ತು ಎರವಲು ಪಡೆಯುವ ದಶಕ ಸಹಿತ ಲೆಕ್ಕ ಎಫ್‌ಎ-1 ಕಿರುಪರೀಕ್ಷೆಯಲ್ಲೂ ತಪ್ಪು, ಎಫ್‌ಎ-2ರಲ್ಲೂ ತಪ್ಪು. ಹೋಮ್‌ವರ್ಕ್ ಅಂತೂ ಇಲ್ಲವೇ ಇಲ್ಲ. ನಾನು ಡೈರಿಯಲ್ಲಿ ಕೆಂಪು ಪೆನ್ನಲ್ಲಿ ಬರೆದು ಕಳಿಸುತ್ತಿದ್ದೆ. ಮಾರನೇ ದಿನ ಅಮ್ಮನ ದುಂಡಗಿನ ಸಹಿ ಬರುತ್ತಿತ್ತು. ನನ್ನ ಕೆಲಸ ಮುಗೀತು ಅಂದುಕೊಳ್ಳುತ್ತಿದ್ದೆ.

ಮಕ್ಕಳ ಕಲಿಕೆಯನ್ನು ಪೋಷಕರ ಮುಂದಿಡುವ 'ಸಮುದಾಯದತ್ತ ಶಾಲೆ' ದಿನ ಸಭೆ ಹನ್ನೊಂದಕ್ಕೆ. ಜನ ಕೂಲಿಗೆ ಹೋಗಿರುವ ಹೊತ್ತು. ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು ಅಂತ 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆ ಹೇಳುತ್ತದೆ. ಆದರೆ ಅವರಿಗೆ ಬಿಡುವು ಯಾವಾಗ ಅಂತ ನಾವು ಕೇಳುವುದೇ ಇಲ್ಲ. ಸಭೆಯ ಫೋಟೋ ಮಾತ್ರ ಅವತ್ತೇ ಮೇಲಿನವರಿಗೆ ಹೋಗಬೇಕು.

ಹದಿನಾಲ್ಕು ಜನ ಬಂದಿದ್ದರು. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಮೊಬೈಲ್ ಹಿಡಿದು ನಿಂತಿದ್ದರು. ನನಗೂ ಹುಮ್ಮಸ್ಸು ಬಂತು. ಆ ಹುಡುಗನ ಅಮ್ಮನನ್ನು ಕೇಳಿದೆ.

"ಡೈರಿ ಕಡೆ ತಿರುಗಿಯೂ ನೋಡಲ್ವಾ ನೀವು?"

"ದಿನಾ ಎರಡು ಹೊತ್ತೂ ಹೋಯ್ತೀನಲ್ಲ ಮಿಸ್, ಹಾಲಾಕಕ್ಕೆ."

ಎಲ್ಲರೂ ನಕ್ಕರು. ಬೇಕಂತಲೇ ಉಡಾಫೆ ಮಾಡ್ತಿದ್ದಾರೆ ಅಂತ ನನಗೆ ಸಿಟ್ಟು. ಹುಡುಗನ ಬ್ಯಾಗಿಂದ ಡೈರಿ ತೆಗೆದು ಮುಂದೆ ಹಿಡಿದೆ. "ಓದಿ."

ಆಕೆ ಪುಟ ನೋಡಿದರು. ಮಗನ ಮುಖ ನೋಡಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಹಿಂದೆ ಯಾರೋ ಕೆಮ್ಮಿದರು. ಆಗಲೂ ನನಗೆ ಹೊಳೆಯಲಿಲ್ಲ. "ಓದಿ ಅಮ್ಮಾ" ಅಂತ ಇನ್ನೊಂದು ಸಲ ಅಂದೆ.

"ಸೈನು ಸಂಘದಲ್ಲಿ ಕಲ್ಸಿದ್ರು ಮಿಸ್, ಸಾಲಕ್ಕೆ ಬೇಕು ಅಂತ. ಓದಕ್ಕೆ ಬರಲ್ಲ. ಜಾಣ ಅಂತ ಬರ್ದವ್ರೆ ಅಂತ ಇವ್ನೇ ಓದೇಳ್ತಿದ್ದ."

ಆ ಬಾರಿ ಯಾರೂ ನಗಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ಹೇಗೆ ಮಾತು ಶುರು ಮಾಡೋದು ಗೊತ್ತಾಗದೆ ಹಾಲಿನ ಬಟವಾಡೆ ಕೇಳಿದೆ. ಹದಿನೈದು ದಿನದ ಲೀಟರು, ದರ, ಹಿಂಡಿ ಮೂಟೆಗೆ ಮುರಿದುಕೊಂಡಿದ್ದು, ಎಲ್ಲ ಬಾಯಲ್ಲೇ ಹೇಳಿದರು. ಹುಡುಗನ 42ರ ಲೆಕ್ಕ ಹೇಳಿದ್ದಕ್ಕೆ ಅವನ ಕಡೆ ತಿರುಗಿದರು. "ಕೈಲಿರೋದು ಎರಡ್ರುಪಾಯಿ, ಏಳು ಎಲ್ಲಿಂದ ಕೊಡ್ತೀಯ? ಒಂದು ಹತ್ತರ ನೋಟು ಚಿಲ್ಲರೆ ಮಾಡ್ಸು."

ಎರಡು ತಿಂಗಳು ನಾನು ಕಡ್ಡಿ ಕಂತೆ ಹಿಡಿದು ಹೇಳಿದ್ದು ಅದನ್ನೇ.

ಈಗ ಬಟವಾಡೆ ಬಂದ ದಿನ ಅಮ್ಮನ ಲೆಕ್ಕ ಅವನು ಬರೆದು ತರುತ್ತಾನೆ. ತಪ್ಪು ಇನ್ನೂ ಇರುತ್ತವೆ. ನಾನು ಕೆಂಪು ಪೆನ್ನಲ್ಲಿ ಷರಾ ಬರೆಯಲ್ಲ. ನನ್ನ ಬಸ್ ನಿಲ್ಲೋದು ಹಾಲಿನ ಡೈರಿ ಎದುರಿಗೇ, ಹೇಳೋದನ್ನು ಕ್ಯಾನ್ ಹಿಡಿದ ಸಾಲಿನಲ್ಲೇ ಹೇಳುತ್ತೇನೆ. ಇದಕ್ಕೆ ಫೋಟೋ ಎಲ್ಲಿ ಅಂತ ಸಿಆರ್‌ಪಿ ಕೇಳುತ್ತಾರೆ.